ರಂಗೂಬಾಯಿ ಕಾಕುವಿನ ಏಳು ಹರಳು ಉಪ್ಪು

ಮರಾಠಿ ಸೀಮೆಯ ಖರಾಡಿಯಲ್ಲಿರುವ ನಮ್ಮ ಸೊಸೈಟಿಯಲ್ಲಿ ಮಕ್ಕಳ ಡಾಕ್ಟರು ಇಬ್ಬರಿದ್ದಾರೆ. ಆದರೂ ಕೂಸು ರಚ್ಚೆ ಹಿಡಿದರೆ ಜನ ಮೊದಲು ಹೋಗುವುದು ಐದನೆಯ ಮಹಡಿಗೆ, ನಮ್ಮ ರಂಗೂಬಾಯಿ ಕಾಕುವಿನ ಮನೆಗೆ. ಕಾಕು ದೃಷ್ಟಿ ತೆಗೆಯುತ್ತಾಳೆ. ಏಳು ಹರಳು ಉಪ್ಪು ಮುಷ್ಟಿಯಲ್ಲಿ ಹಿಡಿದು, ಕೂಸಿನ ಸುತ್ತ ಮೂರು ಸಲ ಇಳಿಸಿ, ಬಟ್ಟಲ ನೀರಿಗೆ ಹಾಕುತ್ತಾಳೆ. ಉಪ್ಪು ಕರಗಿದರೆ ದೃಷ್ಟಿಯೂ ಕರಗಿದಂತೆ. ನೀರು ಬಚ್ಚಲಿಗೆ. ಧಾರವಾಡದಿಂದ ಸೊಸೆಯಾಗಿ ಬಂದಾಗಿನಿಂದ, ನಲವತ್ತು ವರ್ಷ, ಇದನ್ನೇ ಮಾಡಿದ್ದಾಳೆ. ಬಂದವರನ್ನು ಚಹಾ ಕುಡಿಸದೆ ಕಳಿಸಿದವಳಲ್ಲ.

ಅವಳ ಗಂಡ ದಿಗಂಬರ ಕಾಕಾ ರಸಾಯನಶಾಸ್ತ್ರದ ನಿವೃತ್ತ ಮಾಸ್ತರರು. ಒಳ್ಳೆಯ ಮನುಷ್ಯ, ಆದರೆ ಗೆದ್ದ ವಾದವನ್ನೂ ಬಿಡುವವರಲ್ಲ. "ಉಪ್ಪು ಎಲ್ಲಿಗೂ ಹೋಗೂದಿಲ್ಲ. ಕಣ್ಣಿಗೆ ಕಾಣದಂಗ ನೀರಾಗ ಕೂತಿರ್ತದ" ಎಂದು ಅವರೂ ನಲವತ್ತು ವರ್ಷ ಹೇಳಿದರು. ತಮ್ಮ ತಲೆಯ ಸುತ್ತ ಮಾತ್ರ ಅವಳ ಮುಷ್ಟಿ ಸುಳಿಯಗೊಡಲಿಲ್ಲ.

ಈ ಏಪ್ರಿಲ್‌ನಲ್ಲಿ ಎದುರು ಮನೆಯ ಅನುಜಾ ತನ್ನ ಕೂಸು ಮುಕ್ತಾಳನ್ನು ಎತ್ತಿಕೊಂಡು ಬಂದಳು. ಅಂದು ಬಚ್ಚಲಿಗೆ ಹೊಸ ಫರಸಿ ಕಲ್ಲು ಹಾಕುತ್ತಿದ್ದರಿಂದ ಕಾಕು ದೃಷ್ಟಿ ತೆಗೆದ ನೀರಿನ ಬಟ್ಟಲನ್ನು ಗ್ಯಾಲರಿಯ ಬಿಸಿಲಿನಲ್ಲಿಟ್ಟಳು. ಸಂಜೆಗೆ ಗಂಡ ಹೆಂಡತಿ ಇಬ್ಬರೂ ದೌಂಡ್ ಊರಿಗೆ, ನೆಂಟರ ಮನೆಯ ಮುಂಜಿಗೆ ಹೋದರು. ಎಂಟು ದಿನ ಬಿಟ್ಟು ಬಂದು ನೋಡಿದರೆ ಬಟ್ಟಲಲ್ಲಿ ನೀರಿಲ್ಲ. ತಳದಲ್ಲಿ ಬೆಳ್ಳಗೆ ಉಪ್ಪು.

ಮಾಸ್ತರರು ಕುಣಿದಾಡುವುದೊಂದು ಬಾಕಿ. ಭೂತಗನ್ನಡಿ ಹಿಡಿದು, ಕೆಳಗಿನ ಮನೆಯಿಂದ ನನ್ನನ್ನೂ ಕರೆಸಿದರು.

"ಎಷ್ಟು ಛಂದ ಚೌಕ ಹರಳು ನೋಡೋ. ನೀರು ಆವಿಯಾಗಿ ಹೋತು, ಉಪ್ಪು ಉಳೀತು."

"ಅಂದ್ರ ನಾ ತಗದಿದ್ದು ಯಾವುದೂ ಹೋಗಿಲ್ಲೇನ್ರಿ?" ಎಂದಳು ಕಾಕು.

"ಒಂದು ಹರಳೂ ಹೋಗಿಲ್ಲ."

"ಬಟ್ಟಿಯೊಳಗ ಸೋಸಿದ್ರ?"

"ಧೂಳು ನಿಲ್ತದ. ಕರಗಿದ ಉಪ್ಪು ಬಟ್ಟಿ ದಾಟಿ ಹೋಗ್ತದ."

ಅದೇ ಹೊತ್ತಿಗೆ ಎದುರು ಮನೆಯಲ್ಲಿ ಮುಕ್ತಾ ಚೀರತೊಡಗಿದಳು. ಕೂಸಿಗೆ ದವಡೆಹಲ್ಲು ಬರುತ್ತಿತ್ತು, ಅಷ್ಟೆ. ಆದರೆ ಕಾಕು ಕುಸಿದು ಕುಳಿತು, "ನಲವತ್ತು ವರ್ಷ ಮಂದಿಗೆ ಮೋಸ ಮಾಡಿದೆ" ಎಂದು ಅತ್ತಳು. ನನಗೆ ಆ ಭೂತಗನ್ನಡಿಯನ್ನು ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಅಂದಿನಿಂದ ದೃಷ್ಟಿ ತೆಗೆಯುವುದು ಬಂದ್. ಕಾಕು ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೆ. ಬಂದ ತಾಯಂದಿರು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದರು. ನಾಲ್ಕನೆಯ ದಿನ ಕಾಕಾ ನನ್ನ ಬಳಿ ಬಂದು ಕುಳಿತರು.

"ನಾ ಹೇಳಿದ್ದು ಖರೇ ಅದನೋ ಇಲ್ಲೋ?"

"ಖರೇ ಅದರಿ ಕಾಕಾ. ಅದೇ ತ್ರಾಸು" ಎಂದೆ. ಅವರು ಎದ್ದು ಹೊರಟರು. ನಾನೂ ಜೊತೆಗೆ ಮೇಲಕ್ಕೆ ಹೋದೆ.

ಅಲ್ಲಿ ಅನುಜಾ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ಆಜಿ, ಏಕದಾ ದೃಷ್ಟ ಕಾಢಾ ನಾ" ಎಂದು, ಒಂದೇ ಒಂದು ಸಲ ದೃಷ್ಟಿ ತೆಗೆಯಿರೆಂದು ಮರಾಠಿಯಲ್ಲಿ ಗೋಗರೆಯುತ್ತಿದ್ದಳು. ಕಾಕು ತಲೆ ಅಲ್ಲಾಡಿಸಿ ಮುಖ ತಿರುಗಿಸಿದಳು. ಕಾಕಾ ಗ್ಯಾಲರಿಗೆ ಹೋದರು. ಹಾಗೇ ಇದ್ದ ಆ ಬಟ್ಟಲು ತಂದು, ಉಪ್ಪನ್ನು ಧೂಳಿನ ಸಮೇತ ಕೆರೆದು, ಮಜ್ಜಿಗೆಯ ಲೋಟಕ್ಕೆ ಹಾಕಿ, ಕದಡಿ, ಗಟಗಟ ಕುಡಿದುಬಿಟ್ಟರು.

"ಮುಗೀತು. ಇನ್ನ ಹೊಳ್ಳಿ ಬರೂದು ಸಾಧ್ಯನ ಇಲ್ಲ" ಎಂದರು.

ಇದು ಶುದ್ಧ ಸುಳ್ಳು. ಬೆವರಿನಲ್ಲಿ ಬಂದೇ ಬರುತ್ತದೆ. ಮಾಸ್ತರರು ರಸಾಯನಶಾಸ್ತ್ರದಲ್ಲಿ ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

"ಕೂಸಿನ ದೃಷ್ಟಿ ನೀವು ಹೊಟ್ಟಿಗೆ ಹಾಕ್ಕೊಂಡ್ರ್ಯಾ?" ಕಾಕುವಿನ ಮುಖ ಬಿಳುಪೇರಿತು. ಕೈ ಹಿಡಿದು ಎಳೆದು ಅವರನ್ನು ಸ್ಟೂಲಿನ ಮೇಲೆ ಕೂಡಿಸಿದಳು. ಉಪ್ಪಿನ ಭರಣಿಗೆ ಕೈ ಹಾಕಿದಳು. ಕಾಕಾ ಕಣ್ಣು ಮುಚ್ಚಿ, ಪ್ರಾರ್ಥನೆಗೆ ಕೂತ ಶಾಲೆಯ ಹುಡುಗನಂತೆ ಮಿಸುಕದೆ ಕುಳಿತರು. ಮೂರು ಸಲ ಇಳಿಸಿ ಉಪ್ಪನ್ನು ಬಟ್ಟಲ ನೀರಿಗೆ ಹಾಕಿದವಳು ಅಲ್ಲೇ ನಿಂತಳು.

"ಇದು ಆರಲಿಲ್ಲ ಅಂದ್ರ ಹರಳು ಬರೂದಿಲ್ಲ, ಹೌದಲ್ರಿ?"

ಕಾಕಾ ವಿಚಾರ ಮಾಡಿ, "ಬರೂದಿಲ್ಲ" ಎಂದರು.

"ಹಂಗಾರ ದಿನಾ ನೀರು ಹಾಕೂ ಕೆಲಸ ನಿಮ್ಮದು. ನಿಮ್ಮದನ್ನ ಬಚ್ಚಲಿಗೆ ಹಾಕಿ ಆರಗೊಡೂದಿಲ್ಲ ನಾ." ಹೀಗೆಂದವಳೇ ಮುಕ್ತಾಳಿಗೆ ಕೈ ಚಾಚಿದಳು.

ಮೊನ್ನೆ ದೇಹೂ ರೋಡ್ ಊರಿನಲ್ಲಿ ನಮ್ಮವರದೇ ಮದುವೆ, ಎರಡು ದಿನದ್ದು. ಕಾಕು ಒಬ್ಬಳೇ ಬಂದಿದ್ದಳು. ಕಾಕಾನಿಗೆ ಫೋನು ಮಾಡಿ ಯಾಕೆ ಬರಲಿಲ್ಲ ಎಂದೆ. "ಬಿಸಿಲು ಭಾಳ ಅದನೋ, ಬಟ್ಟಲು ಆರ್ತದ" ಎಂದರು.