ಆಶಾನ್ ಮತ್ತು ಅರ್ಧ ಮೆಷಿನ್

ಮೊನ್ನೆ ಎರ್ನಾಕುಲಂನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಮೋಟಾರನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಒಳಗಿನ ತಂತಿಯ ವಾರ್ನಿಶ್ ಸುಟ್ಟ ವಾಸನೆ. ಹಳೆಯ ಮೋಟಾರ್ ಕೊಳ್ಳುವವರಿಗೆ ನನ್ನದೊಂದು ಮಾತು: ಅಂಗಡಿಯವನು ತಿರುಗಿಸಿ ತೋರಿಸಿದ್ದನ್ನು ನಂಬಬೇಡಿ, ಮೇಲೆ ಬಳಿದ ಹೊಸ ಬಣ್ಣವನ್ನಂತೂ ನಂಬಲೇಬೇಡಿ, ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಕೆಳಗಿಟ್ಟು ಬನ್ನಿ. ನಾನೂ ಕೆಳಗಿಟ್ಟೆ. ಆದರೆ ಇಡುವಾಗ ಯಾಕೋ ಎದುರಿಗೆ ನೋಡಿದೆ, ಆ ಕಡೆಯಿಂದ ಇನ್ನೊಂದು ಮೂಗು ಮೂಸುತ್ತಿದೆಯೇನೋ ಎಂಬಂತೆ...

ಕೆಲವು ವರ್ಷಗಳ ಹಿಂದೆ ಇಂಥದೇ ಅಂಗಡಿಯಲ್ಲಿ, ಹೋಟೆಲಿನವರು ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಮೋಟಾರನ್ನು ನಾನು ಹೀಗೆಯೇ ಮೂಸುವಾಗ ಆ ಕಡೆಯಿಂದ ಬಗ್ಗಿ ಮೂಸಿದವರು ಅವರು. ವಯಸ್ಸಾದ ಲೇತ್ ಕೆಲಸಗಾರ. ಊರಿನವರೆಲ್ಲ ಆಶಾನ್ ಎನ್ನುತ್ತಿದ್ದರು, ಗುರು ಎನ್ನುವಂತೆ. ಹುಡುಗಪ್ರಾಯದಲ್ಲಿ ಮಂಗಳೂರಿನ ದೋಣಿ ಕಾರ್ಖಾನೆಯಲ್ಲಿ ದುಡಿದಿದ್ದರಿಂದ ಕನ್ನಡ ಬರುತ್ತಿತ್ತು. ನಾನು ಫೋನಿನಲ್ಲಿ ಮನೆಯವರೊಂದಿಗೆ ಮಾತಾಡಿದ್ದನ್ನು ಕೇಳಿಸಿಕೊಂಡಿರಬೇಕು.

“ಇದರಲ್ಲಿ ಜೀವ ಇಲ್ಲ ಮಾರಾಯ, ಬಿಡು” ಎಂದರು.

ಬಿಡು ಎಂದವರ ಕೈ ಮಾತ್ರ ಮೋಟಾರನ್ನು ಬಿಟ್ಟಿರಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು. ನಾನೂ ಬಿಡಲಿಲ್ಲ. ಗುಜರಿಯವನು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತ ಬೆಲೆ ಏರಿಸತೊಡಗಿದ. ಕೊನೆಗೆ ನಾನೇ ಅವರನ್ನು ಚಹಾದಂಗಡಿಗೆ ಎಳೆದುಕೊಂಡು ಹೋದೆ.

“ಆಶಾನೇ, ನಾವಿಬ್ಬರೂ ಹೀಗೆ ಎಳೆದಾಡಿದರೆ ನಗುವವನು ಅವನು.”

“ಅದು ಗೊತ್ತುಂಟು. ನೀನು ಯಾರು ಅಂತ ಗೊತ್ತಿಲ್ಲ.”

ಹೇಳಿದೆ. ಕಾಸರಗೋಡಿನವನು, ಕೊಚ್ಚಿಗೆ ಬಂದು ಇಂಟೀರಿಯರ್ ಕಂತ್ರಾಟುದಾರನೊಬ್ಬನ ಕೈಕೆಳಗೆ ಮರಗೆಲಸ ಮಾಡಿದವನು, ಅದನ್ನು ಬಿಟ್ಟು ಪಾಲಾರಿವಟ್ಟಂನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದವನು. ಸ್ವಂತ ಹೆಸರಿನಲ್ಲಿ ಸಿಕ್ಕಿದ ಮೊದಲ ದೊಡ್ಡ ಕೆಲಸ ಕೈಯಲ್ಲಿತ್ತು. ತಿರುವನಂತಪುರದ ಕಳಕ್ಕೂಟಂನಲ್ಲಿ, ಐಟಿ ಪಾರ್ಕಿನ ಹತ್ತಿರ ಮೈಸೂರಿನ ಹೆಣ್ಣುಮಗಳೊಬ್ಬಳು ತೆರೆಯಲಿದ್ದ ದೋಸೆ ಹೋಟೆಲಿಗೆ, ತಟ್ಟೆಯ ಬದಲು ಇಡುವ ಹಲಸಿನ ಹಲಗೆಗಳು. ಕೈಯಲ್ಲಿ ಉಜ್ಜುತ್ತ ಕೂತರೆ ಮುಗಿಯುವಂಥದಲ್ಲ. ಮರಳುಕಾಗದದ ಪಟ್ಟಿ ತಿರುಗಿಸಿ ಮರ ಉಜ್ಜುವ ಹೊಸ ಬೆಲ್ಟ್ ಸ್ಯಾಂಡರ್ ನನ್ನ ಅಳವಿಗೆ ಮೀರಿದ್ದು, ಹಳೆಯ ಮೋಟಾರ್ ಸಿಕ್ಕರೆ ನಾನೇ ಒಂದನ್ನು ಕಟ್ಟಿಕೊಳ್ಳುವ ಎಂದಿದ್ದೆ. ಈ ಕೆಲಸ ಕೈತಪ್ಪಿದರೆ ಮತ್ತೆ ಅದೇ ಕಂತ್ರಾಟುದಾರನ ಮುಂದೆ ಹೋಗಿ ನಿಲ್ಲಬೇಕು. “ಓಣಂಗೆ ಮೊದಲು ವಾಪಸ್ ಬರ್ತೀಯ” ಎಂದು ನಕ್ಕು ಕಳಿಸಿದ್ದ ಆತ.

ಆಶಾನ್‌ಗೂ ಬೇಕಾಗಿದ್ದದ್ದು ಅದೇ ಮೆಷಿನ್, ಮೀನು ಕೊಯ್ಯುವ ಕತ್ತಿಗಳ ಹಿಡಿ ನುಣುಪು ಮಾಡಲಿಕ್ಕೆ. ಮೋಟಾರ್ ಮತ್ತು ಬೆಲ್ಟ್ ನನ್ನದು, ರೋಲರ್ ಮತ್ತು ಸ್ಟ್ಯಾಂಡ್ ಅವರದು ಎಂದು ಒಪ್ಪಂದವಾಯಿತು. ಇಬ್ಬರೂ ಒಳಗೆ ಹೋಗಿ, ಮೋಟಾರ್ ನಮಗೆ ಬೇಡವೇ ಬೇಡ ಎನ್ನುವ ಮುಖ ಮಾಡಿ, ಮೊದಲು ಕೇಳಿದ್ದಕ್ಕಿಂತ ಕಡಿಮೆಗೆ ತಂದೆವು.

ಹಳೆಯ ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲುಗಳ ಮೇಲೆ ಮೋಟಾರ್ ಕೂರಿಸಿದೆವು. ಬೆಲ್ಟನ್ನು ಬಿಗಿಯಾಗಿಡಲು ಸ್ಕೂಟರ್ ಸ್ಟ್ಯಾಂಡಿನ ಸ್ಪ್ರಿಂಗ್. ರೋಲರನ್ನು ಆಶಾನ್ ತಮ್ಮ ಮನೆಯ ಹಿಂದಿನ ಲೇತಿನಲ್ಲಿ ಕಡೆದು ತಂದರು. ಮಾಡುವವರಿದ್ದರೆ ನೆನಪಿಟ್ಟುಕೊಳ್ಳಿ: ರೋಲರಿನ ನಡು ಅಂಚುಗಳಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು, ಇಲ್ಲವಾದರೆ ಬೆಲ್ಟ್ ಪಕ್ಕಕ್ಕೆ ಸರಿದು ಹರಿಯುತ್ತದೆ. ಮೊದಲ ಸಲ ಸ್ವಿಚ್ ಹಾಕಿದಾಗ ಇಬ್ಬರೂ ಎರಡು ಹೆಜ್ಜೆ ಹಿಂದೆ ನಿಂತೆವು. ಬೆಲ್ಟ್ ಸರಿಯಲಿಲ್ಲ. ಹಲಸಿನ ಹಳದಿ ಪುಡಿ ಗಾಳಿಯಲ್ಲಿ ಎದ್ದಿತು. ಆಶಾನ್ ಹಲಗೆಯ ಮೇಲೆ ಅಂಗೈ ಸವರಿ, “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಂದು ಸಂಜೆ ಅವರು ಸ್ಪ್ಯಾನರ್ ಹಿಡಿದು ರೋಲರನ್ನು ಬಿಚ್ಚಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು.

“ಎಂತಕ್ಕೆ ಆಶಾನೇ?”

“ಶೆಡ್ಡಿನ ಬೀಗ ನಿನ್ನದಲ್ವಾ?”

ಸರಿ ಎಂದು ನಾನೂ ಮೋಟಾರಿನ ಕೆಪಾಸಿಟರ್ ಕಳಚಿ ಕಿಸೆಗೆ ಹಾಕಿದೆ. ಗೇಣುದ್ದವೂ ಇಲ್ಲದ ಡಬ್ಬಿ, ಅದಿಲ್ಲದೆ ಮೋಟಾರ್ ಗುಂಯ್ ಎನ್ನುತ್ತದೆ ಅಷ್ಟೆ, ತಿರುಗುವುದಿಲ್ಲ. ಅವರು ಕಿಸೆಯ ಕಡೆ ನೋಡಿ ತಲೆಯಾಡಿಸಿದರು. ಅಲ್ಲಿಂದ ಮುಂದೆ ಅದೇ ಪದ್ಧತಿ. ಬೆಳಿಗ್ಗೆ ಇಬ್ಬರೂ ಬಂದರೆ ಮೆಷಿನ್. ಸಂಜೆಯಾದರೆ ಅದು ಯಾರದೂ ಅಲ್ಲದ ಕಬ್ಬಿಣ.

ಹೋಟೆಲ್ ತೆರೆಯುವ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಆಶಾನ್ ಬರಲಿಲ್ಲ. ಫೋನ್ ಎತ್ತಲಿಲ್ಲ. ಹಿಂದಿನ ದಿನ ಚಹಾದಂಗಡಿಯಲ್ಲಿ ಅವರು ನನ್ನ ಹಳೆಯ ಕಂತ್ರಾಟುದಾರನ ಪಕ್ಕದಲ್ಲಿ ಕೂತದ್ದನ್ನು ನಾನು ನೋಡಿದ್ದೆ. ಮನೆಗೆ ಹೋದೆ. ಅವರ ಹೆಂಡತಿ, ಅಕ್ಕ ಎನ್ನುವಂತೆ ನಾನು ಚೇಚಿ ಎನ್ನುತ್ತಿದ್ದೆ, ಬಾಗಿಲಲ್ಲೇ ಹೇಳಿದರು: “ತಿರುವನಂತಪುರದ ರೈಲು ಹತ್ತಿದ್ರಲ್ಲ. ಚೀಲವೂ ಒಟ್ಟಿಗೆ.”

ತಿರುವನಂತಪುರ! ನನ್ನ ಗಿರಾಕಿ ಇರುವುದು ಅಲ್ಲಿ. ಕೆಲಸವನ್ನೇ ಕಂತ್ರಾಟುದಾರನ ಹೆಸರಿಗೆ ತಿರುಗಿಸಲು ಹೋಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮುಂದಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಅವರನ್ನು ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಕನ್ನಡದಲ್ಲೂ ಮಲಯಾಳದಲ್ಲೂ.

ಹೋಟೆಲಿನಲ್ಲಿ ಆ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ ಸಾರ್ ಇದು? ಬೆಳಿಗ್ಗೆ ಒಬ್ರು ತಾತ ಬಂದು, ಇಲ್ಲಿ ನಿಜವಾಗ್ಲೂ ಹೋಟ್ಲು ಇದ್ಯಾ, ಆರ್ಡರ್ ಕೊಟ್ಟಿದ್ದು ನೀವೇನಾ ಅಂತ ವಿಚಾರಿಸ್ಕೊಂಡು ಹೋದ್ರು. ಈಗ ನೀವು ಬಂದು ಆ ತಾತ ಏನಂದ್ರು ಅಂತ ಕೇಳ್ತೀರ. ಇಬ್ರೂ ಇಲ್ಲಿದ್ರೆ ನನ್ನ ಹಲಗೆ ಮಾಡ್ತಿರೋರು ಯಾರು?”

ಅವಳು ಗೋಡೆಯ ಕ್ಯಾಲೆಂಡರಿನತ್ತ ಬೆರಳು ತೋರಿಸಿದಳು.

“ನೋಡಿ, ನಿಮಗೇ ಒಬ್ರ ಮೇಲೆ ಒಬ್ರಿಗೆ ನಂಬಿಕೆ ಇಲ್ಲ. ಸೋಮವಾರ ಪೂಜೆ. ಭಾನುವಾರ ಹಲಗೆ ಬರ್ಲಿಲ್ಲ ಅಂದ್ರೆ ಸ್ಟೀಲ್ ತಟ್ಟೆ ತರಿಸ್ತೀನಿ.”

ಆಶಾನ್ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಚೀಲ ಮಡಿಲಲ್ಲಿ. ನನ್ನನ್ನು ಕಂಡದ್ದೇ ಎದ್ದು ನಿಂತರು.

“ನೀನು ಎಂಥದಾ ಇಲ್ಲಿ? ಕೆಲಸ ಬಿಟ್ಟು?”

“ನೀವು ಎಂತಕ್ಕೆ ಬಂದದ್ದು?”

“ಆ ಕಂತ್ರಾಟುದಾರ ಹೇಳಿದ, ನಿನಗೆ ಆರ್ಡರೂ ಇಲ್ಲ ಮಣ್ಣೂ ಇಲ್ಲ, ಒಂದು ದಿನ ಮೆಷಿನ್ ಮಾರಿ ಊರಿಗೆ ಓಡ್ತೀಯ ಅಂತ. ನೋಡಿ ಬರುವ ಅಂತ ಬಂದೆ.”

“ರೋಲರ್ ಹೊತ್ತುಕೊಂಡಾ?”

“ಬಿಟ್ಟು ಬಂದರೆ ನೀನು ತೆಗೊಂಡು ಹೋಗಿದ್ರೆ?” ಎಂದರು. ಆಮೇಲೆ ನನ್ನ ಕಿಸೆಯತ್ತ ಬೆರಳು ತೋರಿಸಿ, “ನಿನ್ನದು ಎಲ್ಲುಂಟು?”

ಕೆಪಾಸಿಟರ್ ನನ್ನ ಕಿಸೆಯಲ್ಲೇ ಇತ್ತು. ಪಾಲಾರಿವಟ್ಟಂನಲ್ಲಿ ಕಾಲು ಮಾತ್ರ ನಿಂತಿದ್ದ ಮೆಷಿನ್ನಿನ ಜೀವವೆಲ್ಲ ಕಳಕ್ಕೂಟಂನ ಬಸ್ ಸ್ಟಾಪಿನಲ್ಲಿ! ಆಶಾನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಜೋಡಿಸಿಟ್ಟ ಬೈಗುಳಗಳು ಯಾವ ಭಾಷೆಯಲ್ಲೂ ಹೊರಬರಲಿಲ್ಲ.

ಮರಳುವ ರೈಲಿನಲ್ಲಿ ಆಶಾನ್ ಚೀಲವನ್ನು ನನ್ನ ಮಡಿಲಲ್ಲಿಟ್ಟು ಮುಖ ತೊಳೆಯಲು ಹೋದರು. ಚೀಲ ನನ್ನ ಕೈಗೆ ಬಂದದ್ದು ಅದೇ ಮೊದಲು. ಬಂದವರೇ ಒಳಗೆ ಕೈಹಾಕಿ ತಡವಿ ನೋಡಿದರು, ಅದು ಬೇರೆ ಮಾತು.

ಉಳಿದ ದಿನಗಳಲ್ಲಿ ಊಟವನ್ನೂ ಮೆಷಿನ್ ಪಕ್ಕದಲ್ಲೇ ಮಾಡಿದೆವು. ಭಾನುವಾರ ಹಲಗೆಗಳು ಕಳಕ್ಕೂಟಂ ತಲುಪಿದವು. ಆ ಹೆಣ್ಣುಮಗಳು ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಇಳಿಸಿಕೊಂಡಳು. ಕಂತ್ರಾಟುದಾರನ ಮುಂದೆ ನಾನು ಮತ್ತೆ ನಿಲ್ಲಲಿಲ್ಲ. ಅವಳ ಹೋಟೆಲ್ ನೋಡಿ ಬೇರೆಯವರೂ ಕೇಳಿಕೊಂಡು ಬಂದರು. ಕತ್ತಿಯ ಹಿಡಿಗಳೂ ಹಲಗೆಗಳೂ ಸರದಿಯಲ್ಲಿ ನಡೆದವು. ಆದರೆ ಸಂಜೆಯ ಪದ್ಧತಿ ತಪ್ಪಲಿಲ್ಲ. ರೋಲರ್ ಇನ್ನೊಂದು ಕಡೆಸುವುದು ನನಗೆ ಕಷ್ಟವಿರಲಿಲ್ಲ, ಕೆಪಾಸಿಟರ್ ಯಾವ ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು...

ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ಆಶಾನ್ ಮರಳಲಿಲ್ಲ. ನಾನು ಮನೆಗೆ ಹೋದರೂ ರೋಲರಿನ ಮಾತೆತ್ತಲಿಲ್ಲ. ಅದಕ್ಕೇ ಬಂದೆ ಎಂದುಕೊಂಡಾರು ಎಂಬ ಹೆದರಿಕೆ. ಚೇಚಿಯೇ ಚೀಲ ತಂದು ಮುಂದಿಟ್ಟರು.

“ಕೊಡುವಾಗ ಅವನ ಎದುರಲ್ಲೇ ಉರುಳಿಸಿ ತೋರಿಸು, ಇಲ್ಲದಿದ್ರೆ ಆಮೇಲೆ ವಾಲಿದೆ ಅಂತ ತಕರಾರು ತೆಗೀತಾನೆ ಅಂತ ಹೇಳಿದ್ರು” ಎಂದು ನೆಲದ ಮೇಲೆ ಉರುಳಿಸಿದರು. ನಾನು ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚಿನುದ್ದಕ್ಕೂ ನೋಡಿದೆ. ನೋಡದಿದ್ದರೆ ಆಶಾನ್ ಬೈಯುತ್ತಿದ್ದರು. ಚೇಚಿ ಮೊದಲು ನಕ್ಕರು. ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡರು.

ಈಗ ರಾತ್ರಿಯೆಲ್ಲ ಮೆಷಿನ್ ಇಡಿಯಾಗಿ ಶೆಡ್ಡಿನಲ್ಲೇ ಇರುತ್ತದೆ. ಕೆಲವು ಬೆಳಿಗ್ಗೆ ನಾನು ತಡಮಾಡಿ ಹೋಗುತ್ತೇನೆ. ಎಲ್ಲಿ ಹೋಗಿದ್ದೆ, ಯಾರ ಹತ್ತಿರ ಮಾತಾಡಿಕೊಂಡು ನಿಂತಿದ್ದೆ ಎಂದು ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ ಕಾಯುವವರು ಯಾರೂ ಇಲ್ಲ.