ಮತ್ರಾದಲ್ಲಿ ಉಳಿದ ಹಗುರ ತೂಕದ ಪಟ್ಟ

ಅವರ ಎಡಗಿವಿ ಒಣ ಅಂಜೂರದ ಹಾಗೆ ಮಡಚಿಕೊಂಡು ತಲೆಗೆ ಅಂಟಿಕೊಂಡಿತ್ತು. ಕುಸ್ತಿ ಹಿಡಿಯುವವರ ಕಿವಿ ಹಾಗಾಗುತ್ತದೆಂದು ಬಲ್ಲವರು ಹೇಳುತ್ತಾರೆ. ಗಲ್ಫಿನ ಬಂದರೂರು ಮತ್ರಾದ ಸೂಕು ಪೇಟೆಯ ಹಿಂದಿನ ಓಣಿಯಲ್ಲಿದ್ದ ಅವರ ಕಾರ್ಗೋ ಅಂಗಡಿಗೆ ಊರಿಗೆ ಕಳಿಸುವ ಪೆಟ್ಟಿಗೆ ಹೊತ್ತು ಬಂದವರು ಮೊದಲು ಆ ಕಿವಿಯನ್ನೂ ಆಮೇಲೆ ಕಡ್ಡಿಯಂಥ ಮೈಯನ್ನೂ ನೋಡಿ, ಎರಡಕ್ಕೂ ತಾಳೆ ಹಾಕಲಾಗದೆ, “ಅಣ್ಣ ಮೊದಲು ಕುಸ್ತಿ ಆಡ್ತಿದ್ರಾ?” ಎಂದು ಕೇಳುತ್ತಿದ್ದರು. ಅವರು ಪೆಟ್ಟಿಗೆಗೆ ಟೇಪು ಸುತ್ತುತ್ತಾ, “ಈಗ ಇಲ್ಲ” ಎನ್ನುತ್ತಿದ್ದರು. ಅದನ್ನು ಸುಳ್ಳೆನ್ನಲು ಬರುವಂತಿರಲಿಲ್ಲ. ವಾಸ್ತವವೇನೆಂದರೆ, ಹಾಲಿನ ಪುಡಿಯ ಡಬ್ಬಗಳು ತುಂಬಿದ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಎಡ ಹೆಗಲ ಮೇಲೆ ಹೊತ್ತು ಕಿವಿ ಹಾಗಾಗಿತ್ತು. ಅವರು ಕುಸ್ತಿ ಹಿಡಿದದ್ದು ಪೆಟ್ಟಿಗೆಗಳೊಡನೆ ಮಾತ್ರ, ಪ್ರತಿ ಸಲವೂ ಗೆದ್ದದ್ದು ಪೆಟ್ಟಿಗೆ.

ಮೇಲಿನ ಮಹಡಿಯ ಕ್ಲಿಯರಿಂಗ್ ಆಫೀಸಿನಲ್ಲಿ ನಾನು ಗುಮಾಸ್ತ. ಕೆಳಗೆ ಅವರು ತಕ್ಕಡಿಯ ಅಧಿಪತಿ. ಎಲ್ಲರೂ ಅವರನ್ನು ಕಾರ್ಗೋ ಅಣ್ಣ ಎನ್ನುತ್ತಿದ್ದರು. ಮಧ್ಯಾಹ್ನ ಅಂಗಡಿಗಳು ಮುಚ್ಚಿ ಓಣಿಯಲ್ಲಿ ಬೆಕ್ಕುಗಳು ಮಾತ್ರ ಉಳಿಯುವ ಹೊತ್ತಿನಲ್ಲಿ ನಾನು ಊಟದ ಡಬ್ಬಿ ಹಿಡಿದು ಕೆಳಗಿಳಿಯುತ್ತಿದ್ದೆ. ಅಂಗಡಿಯ ಮೂಲೆಯ ಟೀವಿಯಲ್ಲಿ ರೆಸ್ಲಿಂಗ್ ನಡೆಯುತ್ತಿರುತ್ತಿತ್ತು.

ದಪ್ಪನೆಯ ಮಲ್ಲರ ಕಾಳಗಕ್ಕೆ ಅವರು ತಲೆಯೆತ್ತುತ್ತಿರಲಿಲ್ಲ. “ಅದು ಸಾಮಾನು ಸಾಮಾನಿಗೆ ತಾಗುವುದು, ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು?” ಎನ್ನುವರು. ಅವರ ನಿಷ್ಠೆಯೆಲ್ಲ ಹಗುರ ತೂಕದವರ ಪಟ್ಟಕ್ಕೆ. ಆ ಪಟ್ಟಕ್ಕೆ ತೂಕದ ಮಿತಿಯಿತ್ತು. ಅದನ್ನು ದಾಟಿದವನು ಎಂಥ ಶೂರನಾದರೂ ಹೊರಗೆ. ಇಡೀ ದಿನ ಜನರ ಪೆಟ್ಟಿಗೆಯಿಂದ ಹೆಚ್ಚಿನ ಖರ್ಜೂರ ತೆಗೆಸುತ್ತಿದ್ದ ಮನುಷ್ಯನಿಗೆ ಇದಕ್ಕಿಂತ ನ್ಯಾಯವಾದ ರಾಜ್ಯ ಇನ್ನೊಂದು ಕಂಡಿರಲಿಲ್ಲ.

ಜಗಳಕ್ಕೆ ತುಳು, ಗಿರಾಕಿಗೆ ಹಿಂದಿ, ಪಟ್ಟದ ಇತಿಹಾಸಕ್ಕೆ ಮಾತ್ರ ಕನ್ನಡ, ಅದೂ ಯಕ್ಷಗಾನದ ಕನ್ನಡ. “ತದನಂತರ ರಾಯರೇ, ಮುಖವಾಡದವನು ಕಳೆದುಕೊಂಡ ಪಟ್ಟವು ಹಗ್ಗದ ಮೇಲಿಂದ ಹಾರುವವನ ಪಾಲಾಯಿತು” ಎಂದು ಅನ್ನಕ್ಕೆ ಸಾರು ಕಲಸುತ್ತಾ ಹೇಳುವರು. ಇದೆಲ್ಲ ಮೊದಲೇ ನಿಶ್ಚಯವಾದ ಆಟವಲ್ಲವೇ ಎಂದು ನಾನೊಮ್ಮೆ ವಿದ್ಯಾವಂತನಂತೆ ಕೇಳಿದೆ. ಅವರು ಬೇಸರಿಸಲಿಲ್ಲ.

“ಮದುವೆಯಲ್ಲಿ ತಾಳಿ ಕಟ್ಟುವುದು ಯಾರು ಅಂತ ಮೊದಲೇ ಗೊತ್ತುಂಟಲ್ಲ? ಹಾಗಂತ ನೀವು ಊಟಕ್ಕೆ ಹೋಗುದಿಲ್ವಾ?”

ಇತಿಹಾಸಕಾರರಾಗಿ ಅವರದೊಂದು ಕಟ್ಟುನಿಟ್ಟಾದ ಸೂತ್ರವಿತ್ತು: ತಾನು ಕಣ್ಣಾರೆ ನೋಡದ್ದು ನಡೆದಿಲ್ಲ. ಹೀಗಾಗಿ ಮೊದಲನೆಯ ರಾಜನೇ ರದ್ದಾಗಿದ್ದ. ಯಾವುದೋ ದೂರದ ದೇಶದ ಪಂದ್ಯಾವಳಿಯಲ್ಲಿ ಅವನು ಗೆದ್ದನೆಂದು ಟೀವಿಯವರು ಬಾಯಲ್ಲಿ ಹೇಳಿದ್ದರೇ ಹೊರತು ತೋರಿಸಿರಲಿಲ್ಲ. ಅಣ್ಣನ ರಾಜವಂಶ ಎರಡನೆಯವನಿಂದ ಶುರುವಾಗುತ್ತಿತ್ತು. ಅಷ್ಟೇ ಅಲ್ಲ, ಎರಡು ವರ್ಷಕ್ಕೊಮ್ಮೆ ಅವರು ರಜೆಯಲ್ಲಿ ಮೂಲ್ಕಿಗೆ ಹೋಗುತ್ತಿದ್ದರಲ್ಲ, ಅಲ್ಲಿ ಮನೆಯ ಟೀವಿ ಹೆಂಗಸರ ಧಾರಾವಾಹಿಗಳ ವಶದಲ್ಲಿತ್ತು. ಆ ತಿಂಗಳುಗಳಲ್ಲಿ ಪಟ್ಟವೇರಿದವರು, ಪಟ್ಟವಿಳಿದವರು ಯಾರಿಗೂ ಮಾನ್ಯತೆಯಿರಲಿಲ್ಲ. ಗಲ್ಫಿನಲ್ಲಿ ದುಡಿಯುವವರ ರಜೆಗನುಸಾರವಾಗಿ ಕತ್ತಲೆಯ ಯುಗಗಳು ಬರುವ ಇತಿಹಾಸ ಜಗತ್ತಿನಲ್ಲಿ ಅದೊಂದೇ ಇದ್ದೀತು.

ಹಾಗೊಂದು ರಜೆಗೆ ಮುಂಚೆ ಅವರ ಸ್ವಂತ ಪೆಟ್ಟಿಗೆ ಕಟ್ಟುವಾಗ ನಾನು ಜೊತೆಗಿದ್ದೆ. ಮಕ್ಕಳ ಬಟ್ಟೆ, ಸಾಬೂನು, ಬಾದಾಮಿ ಎಲ್ಲ ಆದ ಮೇಲೆ ನೋವಿನ ಮುಲಾಮಿನ ನಾಲ್ಕಾರು ಡಬ್ಬಿಗಳನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ಬದಿಗೆ ತುರುಕಿದರು.

“ಇದು ಯಾರಿಗೆ?”

“ಅಮ್ಮನಿಗೆ.”

ಅವರ ತಾಯಿ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಸುದ್ದಿ ಬಂದಾಗ ಹಬ್ಬದ ರಜೆ. ಪಾಸ್‌ಪೋರ್ಟು ವೀಸಾ ಕೊಟ್ಟ ಧಣಿ ಕಫೀಲರ ಮನೆಯ ಕಪಾಟಿನಲ್ಲಿ, ಕಫೀಲರು ಸಂಸಾರಸಮೇತ ದೂರದ ಸಲಾಲಾದ ಮಳೆ ನೋಡಲು ಹೋಗಿದ್ದರು. ಅವರು ಒಳ್ಳೆಯವರೇ, ಮರಳಿ ಬಂದು ಬಹಳ ನೊಂದುಕೊಂಡರು. ಅಷ್ಟರಲ್ಲಿ ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ನನ್ನ ಮುಖ ನೋಡಿ ಅಣ್ಣ ಮುಲಾಮಿನ ಮೇಲೆ ಇನ್ನೊಂದು ಟವೆಲ್ ಹೊದಿಸಿದರು.

“ನಾನು ನೋಡಿದ್ದೇನಾ ರಾಯರೇ? ಇಲ್ಲ. ಆ ತುದಿ ಹಿಡ್ಕೊಳ್ಳಿ, ಟೇಪು ಹಾಕುವ.”

ಆ ಸೂತ್ರದ ಮೂಲ ನನಗೆ ತಿಳಿದದ್ದು ಹಾಗೆ.

ಅವರು ಆ ರಜೆಯಲ್ಲಿದ್ದಾಗಲೇ ಟೀವಿಯ ದೊರೆಗಳು ಹಗುರ ತೂಕದ ಪಟ್ಟವನ್ನು ರದ್ದು ಮಾಡಿದರು. ತೂಕದವರ ಪಂದ್ಯಕ್ಕೇ ಹೊತ್ತು ಸಾಲುತ್ತಿರಲಿಲ್ಲವಂತೆ. ಅಣ್ಣ ಬಂದಿಳಿದಾಗ ಈ ಸುದ್ದಿ ಹೇಳುವ ಭಾಗ್ಯ ಅಂಗಡಿಯ ಡ್ರೈವರನದಾಯಿತು. ಕಿನ್ನಿಗೋಳಿಯ ಧಡೂತಿ ಆಸಾಮಿ, ದಪ್ಪ ಮಲ್ಲರ ಪಕ್ಷ.

“ಅಣ್ಣ, ನಿಮ್ಮ ಸಪೂರದವರ ಪಟ್ಟ ಖಲಾಸ್.”

“ಯಾವಾಗ?”

“ನೀವು ಊರಲ್ಲಿರುವಾಗ.”

“ಹಾಗಾದ್ರೆ ಇಲ್ಲ. ಪಟ್ಟದವ ವಿಶ್ರಾಂತಿಯಲ್ಲಿದ್ದಾನೆ.”

ಆ ವಿಶ್ರಾಂತಿ ವರ್ಷಗಳವರೆಗೆ ನಡೆಯಿತು. ಟೀವಿಯಲ್ಲಿ ಹಗುರದವರು ಕಾಣಿಸುವುದೇ ನಿಂತಿತು. ಅಣ್ಣ ಮಾತ್ರ ಸಿಂಹಾಸನ ಭದ್ರವಾಗಿದೆಯೆಂಬ ನೆಮ್ಮದಿಯಲ್ಲಿ ಪೆಟ್ಟಿಗೆ ತೂಗುತ್ತಿದ್ದರು.

ಅದಕ್ಕೆ ಕುತ್ತು ಬಂದದ್ದು ಅವರು ಕಾಯಮ್ಮಾಗಿ ಊರಿಗೆ ಹೊರಡುವುದೆಂದಾದ ಮೇಲೆ. ವಯಸ್ಸಾಗಿತ್ತು, ವೀಸಾ ಮುಂದುವರಿಯುವಂತಿರಲಿಲ್ಲ. ಡ್ರೈವರ್ ತಮಾಷೆಗೆಂದು ಮೊಬೈಲನ್ನು ಅವರ ಮೂಗಿನ ಕೆಳಗೆ ಹಿಡಿದ. ಅದರಲ್ಲಿ ಆ ಕೊನೆಯ ರಾಜನೇ, ತಲೆಗೂದಲು ಉದುರಿ, ಹೊಟ್ಟೆ ಬಂದು, ಸೋಫಾದಲ್ಲಿ ಕುಳಿತು, ತಾನು ಆಟ ಬಿಟ್ಟೆನೆಂದೂ ಪಟ್ಟವೆಂಬುದು ಈಗಿಲ್ಲವೆಂದೂ ನಗುನಗುತ್ತಾ ಹೇಳುತ್ತಿದ್ದ. ಅಣ್ಣ ಕೊನೆಯವರೆಗೆ ನೋಡಿದರು. ಕಣ್ಣಾರೆ ನೋಡಿಬಿಟ್ಟರು.

“ಈಗ ಎಂತ ಹೇಳ್ತೀರಿ?” ಎಂದ ಡ್ರೈವರ್.

ಅವರು ತಕ್ಕಡಿಯ ಕಡೆಗೆ ತಿರುಗಿದರು. ಆ ದಿನ ಒಬ್ಬ ಗಿರಾಕಿಯ ಪೆಟ್ಟಿಗೆ ಮಿತಿ ಮೀರಿದ್ದರೂ ಸುಮ್ಮನೆ ಟೇಪು ಹಾಕಿ ಕಳಿಸಿದರು. ಅದನ್ನು ನೋಡಿ ಡ್ರೈವರನ ಮುಖ ಸಪ್ಪಗಾಯಿತು. ಸಂಜೆ ಮಹಡಿ ಹತ್ತಿ ಬಂದು, “ರಾಯರೇ, ನಾನು ಸುಮ್ನೆ ಕುಶಾಲಿಗೆ ತೋರ್ಸಿದ್ದು ಮಾರಾಯ್ರೆ” ಎಂದ.

ಶುಕ್ರವಾರ ಊಟವಾದ ಮೇಲೆ ಅಣ್ಣ ನಮ್ಮಿಬ್ಬರನ್ನೂ ಗೋದಾಮಿಗೆ ಕರೆದರು. ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸಿತ್ತು. ಪಕ್ಕದಲ್ಲೊಂದು ಪಟ್ಟ: ಪೆಟ್ಟಿಗೆ ಬಿಗಿಯುವ ಹಳದಿ ಪ್ಲಾಸ್ಟಿಕ್ ಪಟ್ಟಿ, ನಡುವೆ ಹಲ್ವದ ಡಬ್ಬಿಯ ಮುಚ್ಚಳ, ಉಜ್ಜಿ ಹೊಳೆಯಿಸಿದ್ದು.

“ರಾಜ್ಯ ಖಾಲಿ ಇಡ್ಲಿಕ್ಕೆ ಆಗುದಿಲ್ಲ. ಸದ್ಯಕ್ಕೆ ನಾನು ನೋಡಿಕೊಳ್ತಾ ಇದ್ದೇನೆ. ಯಾರಾದರೂ ನನ್ನನ್ನು ಸೋಲಿಸಿ ತೆಗೆದುಕೊಳ್ಳಬೇಕು. ತೂಕಕ್ಕೆ ನಿಲ್ಲಿ.”

ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ಡ್ರೈವರ್ ಮೊದಲು ಹತ್ತಿದ. ತಕ್ಕಡಿ ನರಳಿತು.

“ಎಕ್ಸ್‌ಟ್ರಾ ಉಂಟು. ಏನಾದರೂ ತೆಗಿ.”

“ಎಂತ ತೆಗೆಯುದು ಅಣ್ಣ, ಹೊಟ್ಟೆಯಾ?”

“ಇಳಿ.”

ಆಗ ನಾನು ಮಿತಿಯೊಳಗಿದ್ದೆ. ಅದು ನನ್ನ ಏಕೈಕ ಅರ್ಹತೆ. ಪಂಚೆ ಎತ್ತಿ ಕಟ್ಟಿದ ಅಣ್ಣ ರಟ್ಟಿನ ಮೇಲೆ ನನ್ನ ಸುತ್ತ ಗಂಭೀರವಾಗಿ ಒಂದು ಸುತ್ತು ಬಂದು, ನನ್ನ ಭುಜ ಮುಟ್ಟಿ, ನಾನು ಏನನ್ನೂ ಮಾಡುವ ಮೊದಲೇ ಅಂಗಾತ ಮಲಗಿದರು. ಮಲಗುವಾಗ ಎಡಗಿವಿಗೆ ತಾಗದಂತೆ ತಲೆಯನ್ನು ಜೋಪಾನ ಮಾಡಿಕೊಂಡರು. “ಕೈ ಇಡಿ ರಾಯರೇ, ಎದೆ ಮೇಲೆ” ಎಂದು ಪಿಸುಗುಟ್ಟಿದರು. ಇಟ್ಟೆ. ಅಂಗಿಯ ಕೆಳಗೆ ಎಲುಬು ಸಿಕ್ಕಿತು. ಡ್ರೈವರ್ ಟೀವಿಯ ರೆಫ್ರಿಯಂತೆ ಮೊಣಕಾಲೂರಿ ನೆಲಕ್ಕೆ ಮೂರು ಬಾರಿ ಹೊಡೆದ. ಅಣ್ಣ ಕಣ್ಣು ಮುಚ್ಚದೆ ಎಲ್ಲವನ್ನೂ ನೋಡುತ್ತಿದ್ದರು.

“ನೋಡಿದೆ” ಎಂದರು ಮಲಗಿದಲ್ಲಿಂದಲೇ. “ಆಯ್ತು.”

ಪಟ್ಟವನ್ನು ನನ್ನ ಸೊಂಟಕ್ಕೆ ಅವರೇ ಬಿಗಿದರು, ಪೆಟ್ಟಿಗೆಗೆ ಬಿಗಿದಂತೆ, ಬೆರಳು ತೂರಿಸಿ ಸಡಿಲವಿಲ್ಲವೆಂದು ಖಾತ್ರಿ ಮಾಡಿಕೊಂಡು. ಮರುವಾರ ವಿಮಾನ ಹತ್ತಿದರು.

ಆ ಶುಕ್ರವಾರದ ಅರ್ಥ ನನಗೆ ತಡವಾಗಿ ಹೊಳೆಯಿತು. ಅವರು ಊರಿನಲ್ಲಿದ್ದಾಗ ಇಲ್ಲಿಯದೂ, ಇಲ್ಲಿದ್ದಾಗ ಊರಿನದೂ ಅವರಿಗೆ ತಿಳಿಸದೆ ಮುಗಿದುಹೋಗುತ್ತಿತ್ತು. ಈ ಒಂದನ್ನು ಮಾತ್ರ ಅವರು ಮುಗಿಯದ ಹಾಗೆ ಮಾಡಿಟ್ಟು ಹೋಗಿದ್ದರು. ಕಣ್ಣಾರೆ ನೋಡಬೇಕಾದ ಅವರು ಇನ್ನು ಇಲ್ಲಿರಲಿಲ್ಲವಾದ್ದರಿಂದ ನನ್ನನ್ನು ಸೋಲಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಹೋದ ವರ್ಷ ಡ್ರೈವರ್ ಬರ್ಕಾದ ತೋಟಕ್ಕೆ ಸಾಮಾನು ಇಳಿಸಲು ಹೋದವನು ಅಲ್ಲಿಂದಲೇ ಫೋನು ಮಾಡಿದ.

“ರಾಯರೇ, ಕಾರ್ಗೋ ಅಣ್ಣ ಹೋದ್ರಂತೆ. ಮೊನ್ನೆ. ಮೂಲ್ಕಿಯಲ್ಲಿ.”

ನಾನು, “ನೀನು ನೋಡಿದ್ಯಾ?” ಎಂದೆ.

ಆ ಕಡೆಯಿಂದ ಖರ್ಜೂರದ ತೋಟದ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವನು, “ಇಲ್ಲ” ಎಂದ. “ನಾನು ಎಲ್ಲಿ ನೋಡುದು.”

ಪಟ್ಟ ಈಗಲೂ ನನ್ನ ಕೋಣೆಯ ಮೊಳೆಯಲ್ಲಿದೆ. ಮುಚ್ಚಳಕ್ಕೆ ಸ್ವಲ್ಪ ತುಕ್ಕು ಹಿಡಿದಿದೆ, ನನಗೆ ಸಾಕಷ್ಟು ಹೊಟ್ಟೆ ಬಂದಿದೆ. ಕೆಳಗಿನ ಅಂಗಡಿಯಲ್ಲಿ ಅಂಕಿ ಮಿನುಗುವ ಹೊಸ ತಕ್ಕಡಿ ಬಂದಿದೆ. ಅದರ ಪಕ್ಕದಲ್ಲಿ ನಾನು ಹಾದುಹೋಗುವಾಗಲೆಲ್ಲ ಡ್ರೈವರ್ ಕೆಣಕುತ್ತಾನೆ: “ರಾಯರೇ, ಈಗ ನಿಮ್ಮಲ್ಲೂ ಎಕ್ಸ್‌ಟ್ರಾ ಉಂಟು. ಹತ್ತಿ ನೋಡುವ. ಪಟ್ಟ ಬಿಡಿ.”

“ಬಿಡ್ತೇನೆ ಮಾರಾಯ” ಎನ್ನುತ್ತೇನೆ. “ತೂಕ ನೋಡುವವರು ರಜೆಯಲ್ಲಿದ್ದಾರೆ. ಅವರು ಬರಲಿ.”