ಮುಂಜಾನೆಯ ನಿಚ್ಚಣಿಕೆ, ಮಧ್ಯಾಹ್ನದ ಏಣಿ

ನನ್ನ ಹಿರಿಯ ಮಗಳು ಸಾಲಿ ಬಿಟ್ಟು ಮನೆಯಲ್ಲೇ ಕಲಿಯುವ ಹಾಗಾದದ್ದು ನಮ್ಮ ಮನೆಯ ನಿಚ್ಚಣಿಕೆಯಿಂದ. ರೋಣದ ನಮ್ಮ ಮನೆಯ ಮಾಳಿಗೆಯ ಮೇಲೆ ಶೇಂಗಾ ಒಣಹಾಕಿದ್ದೆವು. ಮೋಡ ಕವಿಯಿತೆಂದು ನಾನು ಗಡಬಡಿಸಿ ಹತ್ತಿದರೆ ಅವಳೂ ಹಿಂದೆಯೇ ಹತ್ತಿ ಬಂದು ಉಡಿ ತುಂಬ ಕಾಯಿ ತುಂಬಿಕೊಂಡಳು. ಇಳಿಯುವಾಗ ಎರಡೂ ಕೈಯಿಂದ ಉಡಿಯನ್ನೇ ಹಿಡಿದಿದ್ದಳು, ನಿಚ್ಚಣಿಕೆಯನ್ನು ಹಿಡಿಯಲಿಲ್ಲ. ಬಿದ್ದ ಮೇಲೂ ಉಡಿ ಬಿಡಲಿಲ್ಲ. ಶೇಂಗಾ ಒಂದೂ ಚೆಲ್ಲಲಿಲ್ಲ, ಕಾಲು ಮಾತ್ರ ಮುರಿಯಿತು.

ಸವಡಿಯಿಂದ ಬಂದ ಎಲುಬು ಕಟ್ಟುವ ಮುದುಕ ಬಿದಿರಿನ ದಬ್ಬೆ ಇಟ್ಟು ಕಟ್ಟಿ, "ನಾ ಬಿಚ್ಚೂತನಾ ನೆಲಕ್ಕ ಕಾಲ ಊರಿದ್ರ ಮತ್ತ ನನ್ನ ಕರೀಬ್ಯಾಡ್ರಿ" ಎಂದು ಹೇಳಿ ಹೋದ. ಅವಳು ಒಂದನೆಯ ಇಯತ್ತೆಗೆ, ನಮ್ಮ ಬಾಯಲ್ಲಿ ಒಂದನೆತ್ತಿಗೆ, ಸೇರಿದ ವರ್ಷ ಅದು. ಅಕ್ಷರ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಮನೆಯವರು ಹೋಗಿ ಹೆಡ್ ಮಾಸ್ತರರನ್ನು ಕಂಡು ಬಂದರು. ಅವರು ಒಳ್ಳೆಯವರು. "ಜೂನ್‌ದಾಗ ಕರಕೊಂಡ ಬರ್ರಿ. ಶಬ್ದ ಓದಿ ಬರದು ತೋರಿಸಿದ್ರ ಎರಡನೆತ್ತಿ. ಇಲ್ಲಂದ್ರ ಮತ್ತ ಒಂದನೆತ್ತಿ, ಹೊಸಾ ಹುಡುಗರ ಕೂಡ" ಎಂದಿದ್ದರಂತೆ.

ಹೊಸ ಹುಡುಗರೆಂದರೆ ನನ್ನ ಕಿರಿಯ ಮಗಳೂ ಬಂದಳು. ಜೂನಿನಲ್ಲಿ ಅವಳ ಹೆಸರು ಹಚ್ಚುವುದಿತ್ತು. ಈ ಮಾತು ಕಿವಿಗೆ ಬಿದ್ದದ್ದೇ ಅವಳು ಅಕ್ಕನ ಹಾಸಿಗೆಯ ಮೇಲೆ ಹೋಗಿ ಕುಳಿತಳು.

"ಅಕ್ಕಾ, ಜೂನ್‌ದಾಗ ನಾ ನಿನ್ನ ಬಾಜೂಕ ಕೂಡತೀನಿ. ನಿನ್ನ ಪಾಟಿ ನಾನ ಒರಸ್ತೀನಿ. ಮಾಸ್ತರ್ ಕೇಳಿದ್ದು ನಿನಗ ಬರಲಿಲ್ಲಂದ್ರ ನಾ ಹೇಳಿಕೊಡ್ತೀನಿ."

ಅವಳು ಪ್ರೀತಿಯಿಂದಲೇ ಹೇಳಿದ್ದಳು. ಹಿರಿಯಳು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡು ಒಳಗಿನಿಂದಲೇ ಕೂಗಿದಳು: "ಅವ್ವಾ! ಇಕಿ ನನ್ನ ಬಾಜೂಕ ಕೂತ್ರ ನಾ ಸಾಲೀಗೆ ಹೋಗಂಗಿಲ್ಲ. ಇನ್ನೊಂದ ಕಾಲೂ ಮುರಕೋತೀನಿ!"

ಹೀಗೆ ಆ ವರ್ಷ ನಮ್ಮ ಮನೆಯ ಚಿಂತೆಯೆಲ್ಲ ಒಂದೇ ಆಯಿತು: ಅಕ್ಕ ತಂಗಿಯರು ಒಂದೇ ಇಯತ್ತೆಯಲ್ಲಿ ಕೂಡ್ರಬಾರದು. ಕಲಿಸುವವಳು ನಾನು, ನಾಲ್ಕನೆತ್ತಿ ಮುಗಿಸಿದವಳು. ಯಾವ ಪುಸ್ತಕದಿಂದ ಕಲಿಸಬೇಕು ಎಂದು ಮನೆಯವರು ಹೆಡ್ ಮಾಸ್ತರರನ್ನು ಕೇಳಿದ್ದಕ್ಕೆ, "ಅದೊಂದ ಕೇಳಬ್ಯಾಡ್ರಿ. ಹಳೇವು ಹೋಗತಾವಂತ, ಹೊಸಾವು ಬರತಾವಂತ. ಯಾವಾಗ ಅಂತ ನಮಗೂ ಗೊತ್ತಿಲ್ಲ" ಎಂದು ಕೈ ಚೆಲ್ಲಿದ್ದರು. ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಹೊಸತು ಅದು. ಊರು ಇದ್ದಲ್ಲೇ ಇತ್ತು, ಹೊಲ ಇದ್ದಲ್ಲೇ ಇತ್ತು, ಪುಸ್ತಕ ಮಾತ್ರ ದಾರಿಯಲ್ಲಿತ್ತು.

ಮೊದಲು ಬಂದದ್ದು ನರಗುಂದದ ಪುಸ್ತಕ. ನರಗುಂದಕ್ಕೆ ಕೊಟ್ಟ ನನ್ನ ನಾದಿನಿ ತನ್ನ ಮಕ್ಕಳು ಓದಿ ಮುಗಿಸಿದ್ದನ್ನು ತಾನೇ ತಂದುಕೊಟ್ಟಳು. ರಟ್ಟು ಹೋಗಿತ್ತು, ಹಾಳೆಗಳಿಗೆ ಎಣ್ಣೆ ಹತ್ತಿತ್ತು, ಆದರೆ ಅಕ್ಷರ ದಪ್ಪಗೆ ಚಲೋ ಇದ್ದವು. ನಮ್ಮ ಅತ್ತೆಗೆ ಮಗಳು ತಂದ ಪುಸ್ತಕವೆಂದರೆ ಕಣ್ಣಿಗೊತ್ತಿಕೊಳ್ಳುವಷ್ಟು ಹಿಗ್ಗು.

ಅದರ ಮರುವಾರವೇ ಗಜೇಂದ್ರಗಡದಿಂದ ನನ್ನ ಅಣ್ಣ ಬಂದ. ಅವನು ಸೀರೆಯ ಗಂಟು ಕಟ್ಟಿಕೊಂಡು ದಾವಣಗೆರೆಗೆ ವ್ಯಾಪಾರಕ್ಕೆ ಹೋಗುವವನು. ಸೋದರಸೊಸೆಯ ಕಾಲು ಮುರಿದಿದೆಯೆಂದು ಅಲ್ಲಿಂದ ಮೈಸೂರು ಕಡೆಯ ಹೊಸ ಪುಸ್ತಕ ಕೊಂಡು ತಂದಿದ್ದ. ಬಣ್ಣದ ರಟ್ಟು, ಹಾಳೆಗೊಂದು ಚಿತ್ರ. "ಇನ್ನ ಮ್ಯಾಲೆ ಇದ ನಡಿಯೂದು. ಹಳೇದನ್ನ ಒಲಿಗೆ ಹಾಕ್ರಿ" ಎಂದು ಅವನು ಹೇಳಿದ್ದು ನಡುಮನೆಯಲ್ಲಿ. ಅತ್ತೆ ಇದ್ದದ್ದು ಅಡಿಗೆಮನೆಯಲ್ಲಿ. ನಡುವೆ ಬಾಗಿಲಿರಲಿಲ್ಲ.

ಅಣ್ಣ ಬಸ್ಸು ಹತ್ತುವ ತನಕ ಅತ್ತೆ ಕಾಯ್ದರು. ಆಮೇಲೆ ರೊಟ್ಟಿ ಬಡಿಯುತ್ತ ಕುಳಿತ ನನ್ನ ಮುಂದೆ ಬಂದು ನಿಂತರು.

"ಹೌದಲ್ಲ, ನನ್ನ ಮಗಳ ಪುಸ್ತಕ ಒಲಿಗೆ ಹಾಕ್ತೀಯೇನವಾ? ಹಾಕು. ರೊಟ್ಟಿ ಇನ್ನೂ ಚಲೋ ಉಬ್ಬತಾವ."

"ಅವಾ ಚ್ಯಾಷ್ಟಿ ಮಾಡಿದ್ನರಿ ಅತ್ತಿ."

"ಚ್ಯಾಷ್ಟಿ ಮಾಡಾಕ ಗಜೇಂದ್ರಗಡದಿಂದ ಬರಬೇಕೇನು?"

ರಾತ್ರಿ ಊಟಕ್ಕೆ ಕುಳಿತಾಗ ಮಾವ ಎರಡೂ ಪುಸ್ತಕ ತರಿಸಿದರು. ಹೊಸದನ್ನು ತೆರೆದವರು 'ಕ' ಅಕ್ಷರದ ಹತ್ತಿರ ತಡೆದು ನಿಂತರು. ಅಲ್ಲಿ ಶೇಂಗಾದ ಚಿತ್ರವಿತ್ತು. ಕೆಳಗೆ 'ಕಡಲೆಕಾಯಿ' ಎಂದಿತ್ತು.

"ಇದು ಶೇಂಗಾ ಅಲ್ಲೇನು?" ಎಂದು ಮಗನನ್ನು ಕೇಳಿದರು.

"ಹೌದಪಾ. ಆ ಕಡೆ ಅದಕ್ಕ ಕಡ್ಲೀಕಾಯಿ ಅಂತಾರಂತ."

"ಶೇಂಗಾಕ್ಕ ಕಡ್ಲಿ ಅಂದ್ರ ಕಡ್ಲಿಗೆ ಏನಂತಾರ?"

ಮಾವನಿಗೆ ಇದು ಅಕ್ಷರದ ಮಾತಾಗಿ ಕಾಣಲಿಲ್ಲ, ಎರಿಹೊಲದ ಮಾತಾಗಿ ಕಂಡಿತು. "ನಾಳೆ ಬಿತ್ತಿಗೆ ಕಡ್ಲಿ ತಾ ಅಂದ್ರ ಶೇಂಗಾ ತರ್ತಾರ! ಹಿಂಗಾರಿ ಹೋದಂಗ ತಿಳಿ" ಎಂದು ಪುಸ್ತಕ ಮುಚ್ಚಿ ರೊಟ್ಟಿ ಮುರಿದರು. ಕೊನೆಗೆ ಎದ್ದು ಕೈ ತೊಳೆಯುವಾಗ ಮನೆಯವರು, "ಎರಡೂ ಕಲಸು. ಯಾವದರ ಒಂದು ಹತ್ತತೈತಿ" ಎಂದು ನನ್ನ ತಲೆಯ ಮೇಲೆ ಹಾಕಿ ಕಟ್ಟೆಗೆ ಹೋದರು. ಅವರಿಗೇನು, ಅತ್ತ ತಂಗಿ, ಇತ್ತ ಹೆಂಡತಿಯ ಅಣ್ಣ, ನಡುವೆ ಕಟ್ಟೆ ಇತ್ತು.

ನಾನೊಂದು ದಾರಿ ಮಾಡಿಕೊಂಡೆ. ಮುಂಜಾನೆ ನರಗುಂದದ ಪುಸ್ತಕ, ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ. ಅದಕ್ಕೆ ಅಡ್ಡಿಯಾಗಬಾರದೆಂದು ಅತ್ತೆಯೇ ಕಿರಿಯಳನ್ನು ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಕೂಡ್ರುತ್ತಿದ್ದರು. ಮಧ್ಯಾಹ್ನ ಊಟವಾಗಿ ಅವರು ಅಡ್ಡಾದ ಮೇಲೆ ಗಜೇಂದ್ರಗಡದ ಪುಸ್ತಕ, ಪಿಸುಮಾತಿನಲ್ಲಿ. ಆಗ ಕಿರಿಯಳಿಗೆ ಅಜ್ಜಿ, ಅವಳ ಬಾಯಲ್ಲಿ ಆಯಿ, ಸಿಗುತ್ತಿರಲಿಲ್ಲವಾದ್ದರಿಂದ ಅವಳೂ ಬಂದು ನನ್ನ ತೊಡೆಗೆ ಆತು ಕುಳಿತು ಅಕ್ಕನ ಪಾಟಿಯಲ್ಲಿ ಇಣುಕುತ್ತಿದ್ದಳು.

ಕೆಲವು ದಿನ ಚಲೋ ನಡೆಯಿತು. ಒಂದು ದಿನ ಹಿರಿಯಳು ಎರಡೂ ಪುಸ್ತಕವನ್ನು ಹಾಸಿಗೆಯ ಮೇಲೆ ಬಿಚ್ಚಿಟ್ಟುಕೊಂಡು ಸಿಟ್ಟಿಗೆದ್ದು ಕುಳಿತಿದ್ದಳು. ನರಗುಂದದ ಪುಸ್ತಕದಲ್ಲಿ 'ನ' ಅಕ್ಷರಕ್ಕೆ ನಿಚ್ಚಣಿಕೆಯ ಚಿತ್ರ. ಗಜೇಂದ್ರಗಡದ ಪುಸ್ತಕದಲ್ಲಿ ಅಂಥದೇ ಚಿತ್ರ, 'ಏ' ಅಕ್ಷರದ ಕೆಳಗೆ. 'ಏಣಿ.' ನಿಚ್ಚಣಿಕೆಯೆಂದರೇನೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಅವ್ವಾ, ನಾ ಬಿದ್ದದ್ದು ಯಾವದರಿಂದ? ಇದರಿಂದೋ, ಅದರಿಂದೋ?"

ಹಂಚಿನ ಮೇಲೆ ರೊಟ್ಟಿ ಇತ್ತು. ರಾಜ್ಯ ಒಂದಾದದ್ದು, ಸೀಮೆಗೊಂದು ಮಾತಿರುವುದು, ಇದನ್ನೆಲ್ಲ ಹೇಳುತ್ತ ಕುಳಿತರೆ ರೊಟ್ಟಿ ಕರಕಾಗುತ್ತಿತ್ತು. "ಎರಡೂ ಒಂದವಾ. ಮುಂಜಾನಿ ಅದಕ್ಕ ನಿಚ್ಚಣಕಿ ಅಂತಾರ, ಊಟಾ ಆದ ಮ್ಯಾಲೆ ಏಣಿ ಅಂತಾರ" ಎಂದುಬಿಟ್ಟೆ.

ಅವಳ ಸಿಟ್ಟು ಥಟ್ಟನೆ ಇಳಿಯಿತು. ಆ ದಿನದಿಂದ ನಮ್ಮ ಮನೆಯ ಸಾಮಾನುಗಳಿಗೆಲ್ಲ ಎರಡೆರಡು ಹೆಸರಾದವು. ಮುಂಜಾನೆ ತಂಬಿಗೆ ಇದ್ದದ್ದು ಮಧ್ಯಾಹ್ನ ಚೊಂಬು ಆಗುತ್ತಿತ್ತು, ಕೀಲಿ ಹೋಗಿ ಬೀಗ ಬರುತ್ತಿತ್ತು. ಒಂದು ಸಲ ಅತ್ತೆ ನಿದ್ದೆಯಿಂದ ಎದ್ದು, "ಕಸಬರಿಗಿ ಎಲ್ಲೈತಿ?" ಎಂದು ಕೇಳಿದರೆ ಹಾಸಿಗೆಯಿಂದಲೇ ಉತ್ತರ ಬಂತು: "ಆಯೀ, ಈಗ ಅದು ಪೊರಕಿ!"

"ಏನಂತೈತಿ ಇದು?" ಎಂದು ಅತ್ತೆ ನನ್ನತ್ತ ತಿರುಗಿದರು.

"ಕಾಲ ನೋಯತೈತೇನೋರಿ, ಏನೇನೋ ಅಂತಾಳ" ಎಂದೆ.

ಅತ್ತೆ ಸಂಜೆ ದೃಷ್ಟಿ ತೆಗೆದರು.

ಯುಗಾದಿಗೆ ಮುಂಚೆ ಮುದುಕ ಬಂದು ಕಾಲಿನ ದಬ್ಬೆ ಬಿಚ್ಚಿದ. ಅವಳು ಗೋಡೆ ಹಿಡಿದು ನಡೆದು, ಆಮೇಲೆ ಗೋಡೆ ಬಿಟ್ಟು ನಡೆದಳು. ಆ ಹೊತ್ತಿಗೆ ಎರಡೂ ಪುಸ್ತಕ ಮುಗಿದಿದ್ದವು. ಜೂನ್ ಬಂತು. ಹೆಡ್ ಮಾಸ್ತರರು ಕರೆಸಿದ ದಿನ ಇಬ್ಬರಿಗೂ ಎಣ್ಣೆ ಹಚ್ಚಿ ಹೆರಳು ಹಾಕಿ ನಾನೇ ಕರೆದುಕೊಂಡು ಹೋದೆ. ಮಾಸ್ತರರ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕರಿಹಲಗೆ. ಹೊರಗೆ ಮೋಡ ಮುಚ್ಚಿ ಹೊತ್ತು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ಮಾಸ್ತರರು ಸೀಮೆಸುಣ್ಣದಿಂದ ಎರಡು ಉದ್ದ ಗೆರೆ ಎಳೆದು ನಡುವೆ ಅಡ್ಡಗೆರೆಗಳನ್ನು ಹಾಕಿದರು. ಜಗತ್ತಿನಲ್ಲಿ ಎಷ್ಟೊಂದು ಸಾಮಾನು ಇರುವಾಗ ಇವರಿಗೆ ಇದೇ ಬೇಕಿತ್ತೇ!

"ಇದೇನವಾ? ಹೇಳಿ, ಹಲಗೀ ಮ್ಯಾಲೆ ಬರಿ."

ಹಿರಿಯಳು ಚಿತ್ರ ನೋಡಿದಳು. ಕಿಟಕಿಯತ್ತ ನೋಡಿದಳು. ಮೋಡ. ಮತ್ತೆ ಮಾಸ್ತರರ ಮುಖ ನೋಡಿ ಕೈ ಕಟ್ಟಿಕೊಂಡು ಕೇಳಿದಳು:

"ಗುರುಗಳ, ನಿಮ್ಮ ಊಟಾ ಆತೇನ್ರಿ?"

ಮಾಸ್ತರರಿಗೆ ಬಹಳ ಸಂತೋಷವಾಯಿತು. "ನೋಡ್ರಿ, ಎಷ್ಟ ಮರ್ಯಾದಿ ಕಲಿಸೀರಿ! ಇಲ್ಲವಾ, ಇನ್ನೂ ಆಗಿಲ್ಲ."

"ಹಂಗಾದ್ರ ನಿಚ್ಚಣಕಿರಿ" ಎಂದಳು. ಒತ್ತಕ್ಷರ ಸಹಿತ 'ನಿಚ್ಚಣಿಕೆ' ಎಂದು ಬರೆದಳು.

ಮಾಸ್ತರರ ನಗೆ ಅರ್ಧಕ್ಕೆ ನಿಂತಿತು. "ಹಂಗಾದ್ರ ಅಂದ್ರ? ನನ್ನ ಊಟಾ ಆಗಿದ್ರ ಏನಿರತಿತ್ತು?"

"ಏಣಿ ಇರತಿತ್ರಿ" ಎಂದು ಅವಳು ಪಕ್ಕದಲ್ಲಿ ಅದನ್ನೂ ಬರೆದಳು.

ನಾನು ಸೆರಗು ಬಾಯಿಗಿಟ್ಟುಕೊಂಡು ಎಲ್ಲ ಹೇಳಬೇಕಾಯಿತು, ನರಗುಂದ, ಗಜೇಂದ್ರಗಡ, ಅತ್ತೆಯ ನಿದ್ದೆ. ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಮ್ಮ ಮಾಸ್ತರಗೋಳಿಗೆ ಇನ್ನೂ ಒಂದ ಹೊತ್ತಿಂದು ಅಷ್ಟ ಬರತೈತ್ರಿ. ಎರಡನೆತ್ತಿ ಪಕ್ಕಾ. ಆ ಹೊಸಾ ಪುಸ್ತಕ ಮಾತ್ರ ನಮ್ಮ ಸಾಲೀಗೆ ನಾಕ ದಿನಾ ಕೊಡ್ರಿ, ನಾವೂ ನೋಡತೀವಿ."

ನಾನು ಉಸಿರು ಬಿಡುವಷ್ಟರಲ್ಲಿ ನನ್ನ ಬಗಲಿನಿಂದ ಕಿರಿಯಳು ನುಗ್ಗಿದಳು. "ನನಗೂ ಬರತೈತ್ರಿ!" ಎಂದು ಸೀಮೆಸುಣ್ಣ ಕಸಿದುಕೊಂಡು, ಹಲಗೆಯ ಕೆಳತುದಿಯಲ್ಲಿ ಕೈಗೆ ಎಟುಕಿದಲ್ಲಿ 'ಏಣಿ' ಎಂದು ಬರೆದೇಬಿಟ್ಟಳು. 'ಚೊಂಬು' ಬರೆದಳು. 'ಬೀಗ' ಬರೆದಳು. ತೊಡೆಗೆ ಆತು ಕುಳಿತದ್ದು ಸುಮ್ಮನೆ ಕುಳಿತದ್ದಾಗಿರಲಿಲ್ಲ.

"ಅರೆ ಭಲೆ! ಇಕೀನೂ ಎರಡನೆತ್ತಿಗೆ ಹಾಕೂಣೇನ್ರಿ? ಅಕ್ಕನ ಬಾಜೂಕ ಕೂಡ್ಲಿ" ಎಂದರು ಮಾಸ್ತರರು.

ಹಿರಿಯಳ ಮುಖ ನೋಡಲಾಗಲಿಲ್ಲ. ಅಷ್ಟು ತಿಂಗಳು ಹಾಸಿಗೆ ಹಿಡಿದು ಕಲಿತದ್ದು ಇದನ್ನು ತಪ್ಪಿಸಲಿಕ್ಕೆ. ಇನ್ನೇನು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಗಟ್ಟಿಯಾಗಿ ಹೇಳಿದಳು:

"ಗುರುಗಳ, ಆಕೀಗೆ ಮುಂಜಾನಿದು ಬರೂದಿಲ್ರಿ!"

ಮಾಸ್ತರರು ಕಿರಿಯಳತ್ತ ತಿರುಗಿದರು. "ಹೌದೇನವಾ? ಈಗ ಮುಂಜಾನಿ. ಮುಂಜಾನೀದು ಬರಿ ನೋಡೂಣು."

ಕಿರಿಯಳು 'ನ' ಬರೆದಳು. ಗುಡಿಸು ಹಾಕಿ 'ನಿ' ಮಾಡಿದಳು. ಒತ್ತಕ್ಷರದ ಹತ್ತಿರ ಕೈ ನಿಂತಿತು. ನನ್ನತ್ತ ನೋಡಿದಳು, ನಾನು ಮೋಡ ನೋಡಿದೆ. ಸೀಮೆಸುಣ್ಣವನ್ನು ಲಂಗಕ್ಕೆ ಒರೆಸುತ್ತ, "ಮುಂಜಾನಿ ನಾ ಆಯಿ ಕೂಡ ಕಟ್ಟೀ ಮ್ಯಾಲೆ ಇರತೀನ್ರಿ" ಎಂದಳು.

"ಹಂಗಾದ್ರ ನಿಂದು ಅರ್ಧಾ ದಿನದ್ದ ಆಗೇತಿ" ಎಂದರು ಮಾಸ್ತರರು. "ಒಂದನೆತ್ತಿಗೆ ಬಾ. ಉಳಿದರ್ಧಾ ನಾವು ಕಲಸ್ತೀವಿ."

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಕಾಯುತ್ತಿದ್ದರು. ಮೊಮ್ಮಗಳು ಪಾಸಾದಳೋ ಇಲ್ಲವೋ ಕೇಳುವ ಮುಂಚೆ, "ಯಾವ ಪುಸ್ತಕದ್ದು ಕೇಳಿದ್ರು?" ಎಂದರು.

"ಮೊದಲ ನರಗುಂದದ್ದ ಕೇಳಿದ್ರರಿ. ಅದರಿಂದನ ಪಾಸಾತು. ಗಜೇಂದ್ರಗಡದ್ದು ಮನ್ಯಾಗಿಂದ ಕೊಟ್ಟ ಬಿಡ್ರಿ ಅಂದಾರ" ಎಂದೆ. ಒಂದೂ ಸುಳ್ಳಿರಲಿಲ್ಲ. ಮುಂದೆ ಅಣ್ಣ ಬಂದಾಗ ಅವನ ಪುಸ್ತಕವನ್ನು ಸಾಲಿಯವರೇ ಬೇಡಿ ಒಯ್ದರೆಂದು ಹೇಳಿದೆ. ಅವನೂ ಹಿಗ್ಗಿದ.

ಆ ದಿನ ಊಟವಾದ ಮೇಲೆ ಅತ್ತೆ ಅಡ್ಡಾದರು. ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಮಾಳಿಗೆಗೆ ಆನಿಸಿದ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲ ಮೇಲೆ ಹಿರಿಯಳು ಕಾಲು ನೀವಿಕೊಳ್ಳುತ್ತ ಕುಳಿತಿದ್ದಳು. ಕಿರಿಯಳು ಬಂದು ಎದುರಿಗೆ ನಿಂತಳು.

"ಅಕ್ಕಾ."

"ಏನ?"

"ಈಗ ಊಟಾ ಆಗೇತಿ. ಈಗ ನಾವಿಬ್ಬರೂ ಸಮಾ, ಹೌದಿಲ್ಲೋ?"

ಹಿರಿಯಳು ಮಲಗಿದ್ದ ಆಯಿಯತ್ತ ಒಮ್ಮೆ ನೋಡಿದಳು. ಆಮೇಲೆ ಸ್ವಲ್ಪ ಸರಿದು, ಮೆಟ್ಟಿಲ ಮೇಲೆ ತಂಗಿಗೆ ಜಾಗ ಬಿಟ್ಟಳು.

"ಸಂಜೀತನಾ ಅಷ್ಟ" ಎಂದಳು.